ಊರು ಬಿಡಿಸುವುದು ಬರ ಒಂದೇ ಅಲ್ಲ



ಕಡಲೆಕಾಯಿ ಕಿತ್ತು, ಬಿಡಿಸಿ, ಮಂಡಿಗೆ ಸಾಗಿಸಿದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಅನೇಕರು ಗಂಟುಮೂಟೆ ಕಟ್ಟಿ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಕಟ್ಟಡ, ಕಾರ್ಖಾನೆ, ಹೋಟೆಲು, ಎಲ್ಲಿ ಕೆಲಸವೋ ಅಲ್ಲಿ. ಏಕೆಂದು ಕೇಳಿದರೆ 'ಮಳೆ ಇಲ್ಲ' ಎನ್ನುತ್ತಾರೆ. ಮಾತು ನಿಜ, ಪೂರ್ತಿ ನಿಜವಲ್ಲ.

ನೀವೇ ಲೆಕ್ಕ ಹಾಕಿ. ಜೂನ್-ಜುಲೈನಲ್ಲಿ ಬಿತ್ತಿದ ಕಡಲೆಕಾಯಿ ನಾಲ್ಕು ತಿಂಗಳೊಳಗೆ ಕೈಗೆ ಬರುತ್ತದೆ. ಉಳಿದ ಎಂಟು ತಿಂಗಳು ಖುಷ್ಕಿ ಹೊಲದಲ್ಲಿ ಏನು ಕೆಲಸ? ಮಳೆ ಚೆನ್ನಾಗಿ ಬಂದ ವರ್ಷವೂ ಕೈ ಖಾಲಿಯೇ. ಇದರ ಮೇಲೆ ಬತ್ತಿದ ಕೊಳವೆಬಾವಿಯ ಸಾಲ. ಬಡ್ಡಿ ಮುಂಗಾರಿಗಾಗಿ ಕಾಯುವುದಿಲ್ಲ. ಪಟ್ಟಣದಲ್ಲಾದರೆ ವಾರಕ್ಕೊಮ್ಮೆ ಬಟವಾಡೆ. ಪಾವಗಡದಲ್ಲಿ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ, ಕೀಲು ಬಿಗಿದ ಹಿರಿಯರನ್ನು ಕಂಡ ಹುಡುಗರಿಗೆ ಹೊರಡಲು ಇನ್ನೊಂದು ಕಾರಣ. ಮಕ್ಕಳಿಗೆ ಒಳ್ಳೆಯ ಶಾಲೆ ಬೇಕೆಂಬ ಆಸೆಯೂ ಸೇರುತ್ತದೆ.

ಪಾವಗಡದ ತಿರುಮಣಿ ಸುತ್ತಿನ ಐದು ಗ್ರಾಮಗಳನ್ನು ಗಮನಿಸಿ. 2018ರಲ್ಲಿ ಉದ್ಘಾಟನೆಯಾದ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಗುತ್ತಿಗೆಗೆ ಹೋಯಿತು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಬರಲಿ, ಬಿಡಲಿ, ಜಮೀನಿದ್ದವರಿಗೆ ನಿಶ್ಚಿತ ವರಮಾನ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಭೂಮಿ ಇಲ್ಲದವರಿಗೆ ಆ ಕೂಲಿಯೂ ತಪ್ಪಿತು. ಬಿಸಿಲು, ಮಳೆ ಇಬ್ಬರಿಗೂ ಒಂದೇ, ವ್ಯತ್ಯಾಸವಿರುವುದು ವರಮಾನದಲ್ಲಿ. 2020ರ ಮಾರ್ಚಿನಲ್ಲಿ ದೇಶಕ್ಕೇ ಬೀಗ ಬಿದ್ದಾಗ ಊರಿಗೆ ಮರಳಿದವರಲ್ಲಿ ಬಹಳ ಮಂದಿ ಬೀಗ ತೆಗೆದ ಮೇಲೆ ಮತ್ತೆ ಹೊರಟರು. ಊರಿನ ಮೇಲೆ ಪ್ರೀತಿ ಇತ್ತು, ಊರಲ್ಲಿ ಕೆಲಸ ಇರಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಖಾಲಿ ತಿಂಗಳುಗಳನ್ನು ತುಂಬಿಸಬೇಕು. ಕಡಲೆಕಾಯಿ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ ಹಾಕಿದರೆ ಡಿಸೆಂಬರ್-ಜನವರಿಗೆ ಒಂದು ಕೊಯ್ಲು. ಬದುವಿನ ಹುಣಸೆ ಬೇಸಿಗೆಯಲ್ಲಿ ಬಡಿಯಲು, ಬೀಜ ಬಿಡಿಸಲು ಮನೆಮಂದಿಗೆಲ್ಲ ಕೆಲಸ ಕೊಡುತ್ತದೆ. ಕಸಿ ಗಿಡವಾದರೆ ಬೇಗ ಫಲಕ್ಕೆ ಬರುತ್ತದೆ. ನಾಲ್ಕು ಕುರಿ, ಒಂದು ಹಸು ಇದ್ದರೆ ಕೈ ಕಟ್ಟಿದಾಗ ಆಸರೆ. ತುಸು ನೀರಿರುವವರಿಗೆ ಹಿಪ್ಪುನೇರಳೆ ಇದೆ.

ಹೊರಡಲೇಬೇಕಾದವರು ನಾಚಬೇಕಾದ್ದಿಲ್ಲ. ಆದರೆ ದೂರದ ಬೆಟ್ಟ ನುಣ್ಣಗೆ. ಒಂದು ಬೇಸಿಗೆ ದುಡಿದು ನೋಡುವ ತನಕ ಜಮೀನು, ಕುರಿ ಮಾರಬೇಡಿ. ಮುಂಗಡ ಪಡೆಯುವ ಮೊದಲು ಕೂಲಿ ಎಷ್ಟೆಂದು ಮಾತಾಡಿಕೊಳ್ಳಿ. ಪಡಿತರ ಚೀಟಿ ಜೊತೆಗಿರಲಿ. ರಾಜ್ಯದ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಅದಕ್ಕೆ ಧಾನ್ಯ ಸಿಗುತ್ತದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು.

ಊರಲ್ಲಿ ಉಳಿಯುವವರು ಇಂದೇ ಹನ್ನೆರಡು ತಿಂಗಳ ಹೆಸರು ಬರೆದು, ಮನೆಗೆ ದುಡ್ಡು ಬರುವ ತಿಂಗಳಿಗೆ ಗುರುತು ಹಾಕಿ. ಗುರುತಿಲ್ಲದ ತಿಂಗಳುಗಳಿಗೆ ಏನು ಮಾಡುವುದೆಂದು ಮುಂದಿನ ಬಿತ್ತನೆಗೆ ಮುನ್ನ ಮನೆಯವರೆಲ್ಲ ಕುಳಿತು ಯೋಚಿಸಿ.