ಪೋಡಿನ ಹಿರಿಯರ ಮಾತೂ ದಾಖಲೆಯೇ

ಬಿಳಿಗಿರಿರಂಗನ ಬೆಟ್ಟ. ಸೋಲಿಗ ಬುಡಕಟ್ಟಿನವರು ತಲೆತಲಾಂತರದಿಂದ ಬಾಳಿ ಬಂದ ಕಾಡು. 1974ರಲ್ಲಿ ಇದು ವನ್ಯಜೀವಿ ಧಾಮವಾಯಿತು. ಎಷ್ಟೋ ಪೋಡುಗಳನ್ನು, ಅಂದರೆ ಸೋಲಿಗರ ಊರುಗಳನ್ನು, ಎಬ್ಬಿಸಿದರು. ಮುಂದೆ, ಮಾರಾಟಕ್ಕೆ ಜೇನು, ನೆಲ್ಲಿಕಾಯಿ ತರುವುದಕ್ಕೂ ತಡೆ ಬಿತ್ತು.

ಆಮೇಲೆ ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆ. 2011ರಲ್ಲಿ ಈ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಈ ಕಾಯ್ದೆಯಡಿ ಕಾಡಿನ ಮೇಲಿನ ಸೋಲಿಗರ ಸಮುದಾಯ ಹಕ್ಕಿಗೂ ಮನ್ನಣೆ ಸಿಕ್ಕಿತು. ಹುಲಿ ಉಳಿಯಬೇಕಾದರೆ ಜನ ಹೋಗಲೇಬೇಕು ಎನ್ನುವವರು ಇದನ್ನು ಗಮನಿಸಬೇಕು.

ಈ ಕಾಯ್ದೆಯ ಜೀವ ಇರುವುದು ಗ್ರಾಮಸಭೆಯಲ್ಲಿ. ಹಕ್ಕು ಕೋರಿದ ಅರ್ಜಿಯ ಪರಿಶೀಲನೆ ಶುರುವಾಗುವುದೇ ಅಲ್ಲಿ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದು ಸಾಕ್ಷ್ಯ. ಪೂರ್ವಜರ ಸಮಾಧಿ, ದೇವರ ತಾಣ ಕೂಡ ಸಾಕ್ಷ್ಯವೇ. ಕಾಗದಪತ್ರವೇ ಇಲ್ಲದೆ ಬದುಕಿದ ಜನಕ್ಕೆ ಇದೆಷ್ಟು ದೊಡ್ಡ ಬಲ, ಯೋಚಿಸಿ!

ಆದರೂ ದಾಖಲೆಯಿಲ್ಲ ಎಂದು ಅರ್ಜಿ ತಳ್ಳಿಹಾಕುವುದು ನಿಂತಿಲ್ಲ. ಇದು ಅನ್ಯಾಯ, ನಿಯಮಕ್ಕೂ ವಿರುದ್ಧ. ಇಂಥದ್ದೇ ದಾಖಲೆ ತನ್ನಿ ಎಂದು ಅಧಿಕಾರಿಗಳು ಹಠ ಹಿಡಿಯುವಂತಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ಕೊಡಬೇಕು. 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಪರಿಶೀಲನೆ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ.

ಸರ್ಕಾರ ಮೊದಲು ಮಾಡಬೇಕಾದ್ದು ಇಷ್ಟು: ತಿರಸ್ಕೃತ ಅರ್ಜಿಗಳನ್ನು ಹಿಡಿದು ಪೋಡಿಗೆ, ಹಾಡಿಗೆ ಹೋಗಲಿ. ಹಿರಿಯರನ್ನು ಕೂರಿಸಿಕೊಂಡು, ಅವರ ಮಾತು ಕೇಳಿ, ಮತ್ತೆ ಪರಿಶೀಲಿಸಲಿ.