ನೇರಪ್ರಸಾರದ ಹಿಂದಿನ ಹೊಣೆಗಾರರು

ಬ್ರಿಟನ್ನಿನ ರಾಜಕೀಯ ನೇರಪ್ರಸಾರಗಳಲ್ಲಿ ದುಡಿಯುವ ಹಲವು ನಿರ್ಮಾಪಕರು ವಾಹಿನಿಯ ಕಾಯಂ ನೌಕರರಲ್ಲ, ದಿನದ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಫ್ರೀಲಾನ್ಸರ್‌ಗಳು, ಅಂದರೆ ಸ್ವತಂತ್ರ ವೃತ್ತಿಪರರು. ಅತಿಥಿಗಳನ್ನು ಗೊತ್ತುಮಾಡಿ, ನಿರೂಪಕರಿಗೆ ಟಿಪ್ಪಣಿ ಸಿದ್ಧಪಡಿಸುವ ಇವರು, ಪ್ರಸಾರ ಆರಂಭವಾದೊಡನೆ ‘ಗ್ಯಾಲರಿ’ ಎಂಬ ನಿಯಂತ್ರಣ ಕೊಠಡಿಯಲ್ಲಿ ಕುಳಿತು, ‘ಟಾಕ್‌ಬ್ಯಾಕ್’ ಎಂಬ ಧ್ವನಿಸಂಪರ್ಕದ ಮೂಲಕ ಮುಂದಿನ ಪ್ರಶ್ನೆಯನ್ನೂ ಉಳಿದಿರುವ ಸೆಕೆಂಡುಗಳನ್ನೂ ನಿರೂಪಕರ ಕಿವಿಗೆ ತಲುಪಿಸುತ್ತಾರೆ.

ಚುನಾವಣೆಯ ದಿನ ಈ ನಿರ್ಮಾಪಕರು ಇನ್ನಷ್ಟು ಎಚ್ಚರ ವಹಿಸಬೇಕಾಗುತ್ತದೆ. ಮತದಾನ ನಡೆಯುವ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮತಸಮೀಕ್ಷೆಗಳ ಫಲಿತಾಂಶದ ಪ್ರಸಾರವನ್ನು ಪ್ರಸಾರ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್‌ನ ಸಂಹಿತೆ ನಿಷೇಧಿಸುವುದರಿಂದ, ಮತಗಟ್ಟೆ ಸಮೀಕ್ಷೆಯ ಅಂಕಿಗಳು ಹತ್ತು ಗಂಟೆಗೇ ತೆರೆಯ ಮೇಲೆ ಬರುತ್ತವೆ. 2024ರ ಜುಲೈ 4ರಂದು ಲೇಬರ್ ಪಕ್ಷಕ್ಕೆ 410 ಸ್ಥಾನಗಳ ಅಂದಾಜು ಹೀಗೆಯೇ ಪ್ರಕಟವಾಯಿತು.

ಮತದಾರರನ್ನು ತಲುಪುವ ಮಾತಿನ ನಿಖರತೆಗೆ ಹೊಣೆ ಹೊರುವ ಈ ವೃತ್ತಿಪರರಿಗೆ ನ್ಯಾಯವಾದ ಸಂಭಾವನೆಯೂ ಉದ್ಯೋಗ ಭದ್ರತೆಯೂ ಸಲ್ಲಲೇಬೇಕು.