ಸುರಪುರದ ‘ಅಪ್ಪ’: ಬೇಡರ ನಾಡಿನಲ್ಲಿ ಒಬ್ಬ ಪರಕೀಯನ ಬದುಕು

ಶಹಾಪುರ ತಾಲೂಕಿನ ವನದುರ್ಗದಲ್ಲಿರುವ ಕೋಟೆ ಸುರಪುರದ ನಾಯಕ ಅರಸರ ಕಾಲದ್ದು. ಆ ಅರಸರ ರಾಜಧಾನಿಯಾಗಿದ್ದ ಸುರಪುರಕ್ಕೆ ಹೋದರೆ ಗುಡ್ಡದ ಮೇಲೊಂದು ಬಂಗಲೆ ಕಣ್ಣಿಗೆ ಬೀಳುತ್ತದೆ. ಅದು ನಾಯಕರು ಕಟ್ಟಿಸಿದ್ದಲ್ಲ. ಜನ ಅದನ್ನು ‘ಟೇಲರ್ ಮಂಜಿಲ್’ ಎಂದು ಕರೆಯುತ್ತಾರೆ. ನೂರೆಂಬತ್ತು ವರ್ಷಗಳ ಹಿಂದೆ ಈ ಬಂಗಲೆಯಲ್ಲಿ ವಾಸವಾಗಿದ್ದವನು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್.

ಹೊರಗಿನಿಂದ ಬಂದವನೊಬ್ಬ ಊರಿನವನಾಗುವುದು ಎಂದರೇನು? ಊರು ಅವನನ್ನು ಎಲ್ಲಿಯವರೆಗೆ ಒಳಗೆ ಬಿಟ್ಟುಕೊಳ್ಳುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರಿಗೆ ಟೇಲರನ ಸುರಪುರದ ದಿನಗಳು ಒಳ್ಳೆಯ ಉದಾಹರಣೆ.

1808ರಲ್ಲಿ ಹುಟ್ಟಿದ ಟೇಲರ್ ಭಾರತಕ್ಕೆ ಬಂದದ್ದು 1824ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ. ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಕೆಲಸ ಸಿಗುತ್ತದೆಂದು ಬಂದವನಿಗೆ ಆ ವ್ಯಾಪಾರವೇ ನಷ್ಟದಲ್ಲಿರುವುದು ತಿಳಿಯಿತು. ಬಂಧುಗಳ ನೆರವಿನಿಂದ ಹೈದರಾಬಾದ್ ನಿಜಾಮನ ಸೇವೆಗೆ ಸೇರಿದ. ಈಸ್ಟ್ ಇಂಡಿಯಾ ಕಂಪೆನಿಯ ನೇರ ನೌಕರನಲ್ಲದ ಕಾರಣ ಬ್ರಿಟಿಷ್ ಅಧಿಕಾರಿಗಳ ಸಾಲಿನಲ್ಲೂ ಅವನು ಅರ್ಧ ಹೊರಗಿನವನೇ ಆಗಿದ್ದ. ಹಿಂದುಸ್ತಾನಿಯನ್ನು ಸರಾಗವಾಗಿ ಕಲಿತ. ಮೋಜಣಿ, ಕಾನೂನು ಮುಂತಾದವನ್ನು ಸ್ವಂತ ಓದಿನಿಂದ ರೂಢಿಸಿಕೊಂಡ. 1839ರಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಅವನಿಗೆ ಲಂಡನ್ನಿನಲ್ಲಿ ಹೆಸರು ತಂದಿತು.

1840ರ ದಶಕದ ಆರಂಭದಲ್ಲಿ ಸುರಪುರದ ಸ್ಥಿತಿ ಕೆಟ್ಟಿತ್ತು. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಆಡಳಿತ ಯಾರ ಕೈಯಲ್ಲಿರಬೇಕೆಂದು ರಾಣಿ ಈಶ್ವರಮ್ಮನಿಗೂ ಸತ್ತ ದೊರೆಯ ತಮ್ಮ ಪಿಡ್ಡನಾಯಕನಿಗೂ ಜಗಳ. ನಿಜಾಮನಿಗೆ ಸಲ್ಲಬೇಕಾದ ಕಪ್ಪ ಬಾಕಿ ಬಿದ್ದಿತ್ತು. ಈ ಗೊಂದಲ ಬಗೆಹರಿಸಲು ಬಂದ ಟೇಲರ್ 1853ರವರೆಗೆ, ಅಂದರೆ ಹತ್ತು ವರ್ಷಗಳಿಗೂ ಮಿಕ್ಕಿ, ಅಲ್ಲೇ ಉಳಿದ.

ಆ ದಿನಗಳಲ್ಲಿ ಸುರಪುರದ ಬೇಡರೆಂದರೆ ಸುತ್ತಲಿನ ಸೀಮೆಗೆಲ್ಲ ಹೆದರಿಕೆ. ಬೇಟೆ, ಕಾಳಗ ಅವರ ಕಸುಬು. ಔರಂಗಜೇಬನ ದಕ್ಷಿಣದ ಕೊನೆಯ ದೊಡ್ಡ ದಂಡಯಾತ್ರೆ, 1705ರಲ್ಲಿ, ಇವರ ವಾಗಿಣಗೇರಿ ಕೋಟೆಯ ಮೇಲೆಯೇ ನಡೆದಿತ್ತು. ಇಂಥವರ ನಡುವೆ ಬಹುಮಟ್ಟಿಗೆ ತನ್ನವರ ಸಹವಾಸವಿಲ್ಲದೆ ಟೇಲರ್ ಬದುಕಿದ. ಕಂದಾಯದ ಲೆಕ್ಕ, ಜಮೀನಿನ ತಕರಾರು, ಒಳಜಗಳಗಳ ತೀರ್ಮಾನ ಅವನ ನಿತ್ಯದ ಕೆಲಸ. ಸುರಪುರ ಸೀಮೆಯ ಬೋನಾಳ ಕೆರೆಯನ್ನು ದುರಸ್ತಿ ಮಾಡಿಸಿದ. ನಾಯಕರ ಕಾಲದ ಆ ಕೆರೆ ಇಂದು ಪಕ್ಷಿಧಾಮವೆಂದು ಹೆಸರಾಗಿದೆ.

ಬಿಡುವಿನ ಹೊತ್ತಿನಲ್ಲಿ ಚಿತ್ರ ಬರೆಯುತ್ತಿದ್ದ. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ವರದಿ ಕಳಿಸುತ್ತಿದ್ದ. ಸೋದರ ಸಂಬಂಧಿ ಹೆನ್ರಿ ರೀವ್‌ಗೆ ಬರೆದ ಕಾಗದಗಳೇ ಸ್ವದೇಶದೊಂದಿಗೆ ಅವನಿಗಿದ್ದ ನಂಟು. ಕಾಗದ ಹಡಗಿನಲ್ಲಿ ಲಂಡನ್ ಮುಟ್ಟಲು ತಿಂಗಳಿಗೂ ಹೆಚ್ಚು ಬೇಕಾಗಿದ್ದ ಕಾಲ ಅದು.

ಸುತ್ತಾಟದಲ್ಲಿ ಅವನ ಕಣ್ಣು ಹೊಲದ ಬದಿಯ ಕಲ್ಲುಗಳ ಮೇಲೂ ಬಿತ್ತು. ರಾಜನಕೋಳೂರಿನ ಬಳಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ರಚನೆಗಳಿದ್ದವು. ಜನ ಅವನ್ನು ‘ಮೋರ್ಯರ ಮನೆ’ ಎನ್ನುತ್ತಿದ್ದರು. ಕುಳ್ಳ ಜನರು ಕಟ್ಟಿಕೊಂಡ ಮನೆಗಳೆಂಬುದು ನಂಬಿಕೆ. ಟೇಲರ್ ಅವನ್ನು ಅಳೆದ, ನಕ್ಷೆ ತೆಗೆದ, ಸೀಮೆಯ ಕೆಲವು ಗೋರಿಗಳನ್ನು ಅಗೆಸಿ ಒಳಗಿನ ಮೂಳೆ, ಮಡಕೆಗಳನ್ನು ಪರೀಕ್ಷಿಸಿದ. 1850ರ ದಶಕದಲ್ಲಿ ಅವನು ಪ್ರಕಟಿಸಿದ ಲೇಖನಗಳು ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಅಧ್ಯಯನಕ್ಕೆ ಮೊದಲ ಮೆಟ್ಟಿಲುಗಳಲ್ಲಿ ಸೇರುತ್ತವೆ. ಊರವರು ದಿನನಿತ್ಯ ನೋಡಿಯೂ ಲಕ್ಷಿಸದಿದ್ದುದನ್ನು ಹೊರಗಿನವನ ಕುತೂಹಲ ಹೀಗೆ ಹಿಡಿದಿಟ್ಟಿತು.

ಆದರೆ ಟೇಲರನ ಬದುಕನ್ನು ಸುರಪುರಕ್ಕೆ ಗಂಟು ಹಾಕಿದ್ದು ಕಲ್ಲುಗಳಲ್ಲ, ಆ ಹುಡುಗ. ವೆಂಕಟಪ್ಪ ನಾಯಕ ಅವನ ಕಣ್ಣೆದುರೇ ಬೆಳೆದ. ಅವನ ಓದು ಬರಹದ ಹೊಣೆಯೂ ಟೇಲರನ ಮೇಲಿತ್ತು. ಹುಡುಗ ಅವನನ್ನು ಕರೆಯುತ್ತಿದ್ದುದು ‘ಅಪ್ಪ’ ಎಂದು. ಊರೊಂದು ಪರಕೀಯನಿಗೆ ಕೊಡಬಹುದಾದ ಅತಿ ದೊಡ್ಡ ಪದವಿ ಇದು. ಸಾಹೇಬ ಎಂಬ ಮಾತಿನಲ್ಲಿ ಅಂತರವಿದೆ. ಅಪ್ಪ ಎಂಬ ಮಾತಿನಲ್ಲಿ ಹಕ್ಕಿದೆ.

ಇಲ್ಲಿ ಇನ್ನೊಬ್ಬ ಹೊರಗಿನವರನ್ನು ನೆನೆಯಬಹುದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಅಧ್ಯಯನ ನಡೆಸಿದರು. ತಮ್ಮ ಪುಸ್ತಕದಲ್ಲಿ ಆ ಊರನ್ನು ‘ರಾಮಪುರ’ ಎಂದು ಕರೆದರು. ಮೈಸೂರಿನವರೇ ಆದರೂ ಅಲ್ಲಿ ಅವರು ಹೊರಗಿನವರು. ಬ್ರಾಹ್ಮಣನಾದವನು ಹೀಗೇ ನಡೆಯಬೇಕೆಂಬ ನಿರೀಕ್ಷೆ ಊರಿಗಿತ್ತು. ಅವರು ಪ್ರಶ್ನೆ ಕೇಳಿದಷ್ಟೇ ಊರೂ ಅವರನ್ನು ಪ್ರಶ್ನಿಸುತ್ತಿತ್ತು. ಅವರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಟೇಲರನ ಬೆನ್ನಿಗಾದರೋ ನಿಜಾಮನ ಸರ್ಕಾರವಿತ್ತು, ಅದರ ಹಿಂದೆ ಕಂಪೆನಿಯ ಸೈನ್ಯವಿತ್ತು. ಪ್ರೀತಿ ನಿಜವಾಗಿದ್ದರೂ ಅಧಿಕಾರದ ಆ ನೆರಳು ನಡುವೆ ಇದ್ದೇ ಇತ್ತು.

ಅದು ಬಯಲಾದದ್ದು 1858ರಲ್ಲಿ. ಐದು ವರ್ಷ ಮೊದಲೇ ಟೇಲರ್ ಆಡಳಿತವನ್ನು ವೆಂಕಟಪ್ಪ ನಾಯಕನಿಗೆ ಒಪ್ಪಿಸಿ ಹೊರಟಿದ್ದ. ಉತ್ತರದ ದಂಗೆಯ ಕಾವು ದಕ್ಷಿಣಕ್ಕೂ ಹಬ್ಬಿದಾಗ ಯುವ ದೊರೆ ಬ್ರಿಟಿಷರ ವಿರುದ್ಧ ಎದ್ದ. ಫೆಬ್ರವರಿಯಲ್ಲಿ ಸುರಪುರದ ಬಳಿ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊರೆ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಸೆರೆಮನೆಗೆ ಬಂದ ಟೇಲರನನ್ನು ಕಂಡು ಮತ್ತೆ ‘ಅಪ್ಪ’ ಎಂದೇ ಕರೆದ. ದಂಗೆಗೆ ಪ್ರಚೋದಿಸಿದವರ ಹೆಸರು ಹೇಳಲು ಮಾತ್ರ ಒಪ್ಪಲಿಲ್ಲ. ತಾನು ಕಳ್ಳನಲ್ಲ, ತನ್ನನ್ನು ಗಲ್ಲಿಗೇರಿಸುವುದು ಬೇಡ ಎಂದನಂತೆ. ಈ ಭೇಟಿಯ ವಿವರ ಬಂದಿರುವುದು ಟೇಲರನ ಆತ್ಮಕಥೆಯಿಂದ. ಹಾಗಾಗಿ ನಾವು ಕೇಳುತ್ತಿರುವುದು ಒಬ್ಬನ ಮಾತನ್ನು ಮಾತ್ರ ಎಂಬುದನ್ನು ಮರೆಯಬಾರದು.

ಮರಣದಂಡನೆ ಕಡಿಮೆಯಾಗಿ ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ಸೆರೆವಾಸಕ್ಕೆಂದು ಚೆಂಗಲ್ಪಟ್ಟಿಗೆ ಕರೆದೊಯ್ಯುತ್ತಿದ್ದಾಗ ದೊರೆ ಪಿಸ್ತೂಲಿನಿಂದ ಗುಂಡು ಹೊಡೆದುಕೊಂಡು ಸತ್ತನೆಂದು ಬ್ರಿಟಿಷ್ ದಾಖಲೆ ಹೇಳುತ್ತದೆ. ಆಗ ಅವನಿಗೆ ಇಪ್ಪತ್ತನಾಲ್ಕನೆಯ ವರ್ಷ. 1860ರಲ್ಲಿ ಸುರಪುರ ನಿಜಾಮನ ರಾಜ್ಯಕ್ಕೆ ಸೇರಿಹೋಯಿತು. ಅದೇ ವರ್ಷ ಟೇಲರ್ ಭಾರತ ಬಿಟ್ಟ. 1876ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ. ಅವನ ಆತ್ಮಕಥೆ ಮರುವರ್ಷ ಮಗಳ ಸಂಪಾದಕತ್ವದಲ್ಲಿ ಹೊರಬಂತು.

ಟೇಲರ್ ಒಳ್ಳೆಯವನೇ, ಕೆಟ್ಟವನೇ ಎಂದು ಕೇಳಿದರೆ ಸುಲಭದ ಉತ್ತರವಿಲ್ಲ. ಅವನು ಊರಿನ ಭಾಷೆ ಬಳಕೆಗೆ ಕಿವಿಗೊಟ್ಟ, ಕೆರೆ ಸರಿಪಡಿಸಿದ, ಮಗುವೊಂದನ್ನು ಬೆಳೆಸಿದ. ಆದರೆ ಆ ಮಗು ಬೆಳೆದು ತನ್ನ ನಾಡಿಗಾಗಿ ಎದ್ದಾಗ ‘ಅಪ್ಪ’ ಇದ್ದದ್ದು ಎದುರು ಪಾಳೆಯದಲ್ಲಿ. ಹೊರಗಿನವನೊಬ್ಬ ಊರಿನ ಅನ್ನ, ಮಾತು, ಪ್ರೀತಿ ಎಲ್ಲವನ್ನೂ ಹಂಚಿಕೊಳ್ಳಬಹುದು. ಊರಿಗೆ ಕಷ್ಟ ಬಂದ ದಿನ ಅವನು ಯಾರ ಕಡೆ ನಿಲ್ಲುತ್ತಾನೆ ಎಂಬುದರ ಮೇಲೆ ಅವನು ಊರಿನವನೋ ಅಲ್ಲವೋ ಎಂಬುದು ತೀರ್ಮಾನವಾಗುತ್ತದೆ. ದೊರೆಯ ಹೋರಾಟವನ್ನು ಹೆಮ್ಮೆಯಿಂದ ನೆನೆಯುವ ಸುರಪುರ, ಗುಡ್ಡದ ಮೇಲಿನ ಬಂಗಲೆಯನ್ನು ಇಂದಿಗೂ ಟೇಲರನ ಹೆಸರಿನಿಂದಲೇ ಕರೆಯುತ್ತಿದೆ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡಿರುವುದು ಆ ಊರಿನ ದೊಡ್ಡತನ.